ಎಂಜಿನ್ ಸೀಜ್ ಆದ ಪಿಕಪ್ ತಗೊಂಡು ರಸ್ತೆಗೆ ತಂದಿದ್ದು: ನನ್ನ ಅನುಭವ

ಮುಳಬಾಗಿಲು ಹತ್ತಿರ ನಮ್ಮದು ಟೊಮೆಟೊ ತೋಟ. ಕೋಲಾರ ಮಾರ್ಕೆಟ್ಟಿಗೆ ಪ್ರತಿ ಸಲ ಬಾಡಿಗೆ ಗಾಡಿಯೇ. ರೇಟು ಬಿದ್ದ ದಿನ ಬಾಡಿಗೆ, ಕೂಲಿ, ಕಮಿಷನ್ ಎಲ್ಲ ಕಳೆದರೆ ಕೈಗೆ ಏನೂ ಉಳಿಯುತ್ತಿರಲಿಲ್ಲ. ಸ್ವಂತ ಪಿಕಪ್ ಬೇಕು ಅಂತ ಹುಡುಕಿದೆ. ಓಡುತ್ತಿದ್ದ ಹಳೆ ಗಾಡಿಗಳಿಗೇ 2,80,000ದಿಂದ 3,00,000 ಹೇಳುತ್ತಿದ್ದರು. ಆಗ ಸಿಕ್ಕಿದ್ದು 2011ರ ಮಹೀಂದ್ರ ಬೊಲೆರೊ ಪಿಕಪ್. ಎಂಜಿನ್ ಸೀಜ್ ಆಗಿ, ಅಂದರೆ ಒಳಗೆ ಕಚ್ಚಿಕೊಂಡು ತಿರುಗದೆ, ಎಂಟು ತಿಂಗಳಿಂದ ಶೆಡ್ಡಿನಲ್ಲಿ ನಿಂತಿತ್ತು. 1,40,000 ಹೇಳಿದರು, 1,05,000ಕ್ಕೆ ಮುಗಿಯಿತು.

"ಎಂಜಿನ್ ಒಂದು ಬಿಟ್ಟರೆ ಗಾಡಿಗೆ ಏನೂ ಇಲ್ಲ ಅಣ್ಣ" ಅಂದರು ಮಾರುವವರು. ಈ ಮಾತನ್ನೇ ಪರೀಕ್ಷೆ ಮಾಡಬೇಕು. ಎಂಜಿನ್ ಹೇಗಿದ್ದರೂ ಹೊರಗೆ ಬರುತ್ತದೆ. ದುಡ್ಡು ಕೊಡುತ್ತಿರುವುದು ಉಳಿದ ಗಾಡಿಗೆ. ಆದರೆ ಸ್ಟಾರ್ಟ್ ಆಗದ ಗಾಡಿಯಲ್ಲಿ ಉಳಿದದ್ದನ್ನು ನೋಡುವುದು ಹೇಗೆ?

ನಮ್ಮ ಮೆಕ್ಯಾನಿಕ್ ಅಣ್ಣ ಒಂದು ಉಪಾಯ ಹೇಳಿದರು. ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಬಯಲಿನಲ್ಲಿ ನಿಧಾನಕ್ಕೆ ಎಳೆಸಿದೆವು. ಅವರು ಕ್ಲಚ್ ಪೂರ್ತಿ ಒತ್ತಿಕೊಂಡು ಒಂದೊಂದೇ ಗೇರ್ ಹಾಕುತ್ತಾ ಹೋದರು. ಎಂಜಿನ್ ತಿರುಗದಿದ್ದರೂ ಚಕ್ರದ ಕಡೆಯಿಂದ ಗೇರ್ ಬಾಕ್ಸ್ ತಿರುಗುತ್ತದೆ. ಎಂಜಿನ್ ಸದ್ದೇ ಇಲ್ಲವಲ್ಲ, ಒಳಗಿನ ಗೊರಗೊರ ಚೆನ್ನಾಗಿ ಕೇಳಿಸುತ್ತದೆ. ಮೂರನೇ ಗೇರಿನಲ್ಲಿ ಸಣ್ಣ ಸದ್ದಿತ್ತು, ಮಿಕ್ಕದ್ದು ಸರಿಯಿತ್ತು. ಹೀಗೆ ಎಳೆಸುವಾಗ ಒಂದು ಎಚ್ಚರ ಇರಲಿ. ಎಂಜಿನ್ ನಿಂತಿದ್ದರೆ ಬ್ರೇಕಿಗೆ ವ್ಯಾಕ್ಯೂಮ್ ಸಿಗುವುದಿಲ್ಲ, ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ. ಇಳಿಜಾರಿನಲ್ಲಿ ಈ ಸಾಹಸ ಬೇಡವೇ ಬೇಡ.

ಆಮೇಲೆ ಗೇರ್ ಬಾಕ್ಸಿನ ಮತ್ತು ಹಿಂದಿನ ಹೌಸಿಂಗಿನ (ಹಿಂದಿನ ಚಕ್ರಗಳ ನಡುವಿನ ಗೇರ್ ಡಬ್ಬ) ಆಯಿಲ್ ಸ್ವಲ್ಪ ಇಳಿಸಿ ಬಿಳಿ ಬಟ್ಟೆ ಮೇಲೆ ಹಾಕಿ ನೋಡಿದೆವು. ಕಬ್ಬಿಣದ ಪುಡಿ ಹೊಳೆದರೆ ಅಲ್ಲಿಗೇ ಬಿಟ್ಟು ಬರಬೇಕು. ಹೊಳೆಯಲಿಲ್ಲ. ಚಾಸಿ ಕೆಳಗೆ ಮಲಗಿ, ಪ್ಲೇಟ್ ಕಟ್ಟುಗಳ (ಸ್ಪ್ರಿಂಗ್ ಪಟ್ಟಿಗಳ) ಬ್ರಾಕೆಟ್ ಹತ್ತಿರ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದೆ. ತುಕ್ಕು ಹಿಡಿದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ವೆಲ್ಡಿಂಗ್ ಮಾಡಿ ಮೇಲೆ ಕಪ್ಪು ಪೇಂಟ್ ಹೊಡೆದಿದ್ದಾರಾ ಅಂತಲೂ ಹುಡುಕಿದೆ.

ಕಾಗದ ನೋಡಿದ್ದು ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ. ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮುಗಿದಿತ್ತು, ಇನ್ಶೂರೆನ್ಸ್ ಮುಗಿದಿತ್ತು. ಹಳೆ ಫೈನಾನ್ಸ್ ಹೆಸರು ಆರ್‌ಸಿಯಲ್ಲಿ ಹಾಗೇ ಇತ್ತು. ಸಾಲ ತೀರಿದ್ದರೂ ಫೈನಾನ್ಸಿನವರ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ಮತ್ತು ಆರ್‌ಸಿಯಿಂದ ಅವರ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರುವ ತನಕ ಅಡ್ವಾನ್ಸ್ ಬಿಟ್ಟು ಬೇರೆ ದುಡ್ಡು ಕೊಡಲಿಲ್ಲ. ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಮೊದಲೇ ಸಹಿ ಹಾಕಿಸಿಕೊಂಡೆ. ಹೆಸರು ಬದಲಾಗುವವರೆಗೆ 10,000 ನನ್ನ ಹತ್ತಿರವೇ ಉಳಿಸಿಕೊಂಡೆ. ಅದಿಲ್ಲದಿದ್ದರೆ ಆಮೇಲೆ ಆರ್‌ಟಿಒ ಕಚೇರಿಗೆ ಮಾರಿದವರು ಬರುತ್ತಿರಲಿಲ್ಲ ಅನಿಸುತ್ತದೆ.

ಎಂಜಿನ್ ವಿಷಯಕ್ಕೆ ಬರೋಣ. ಹಳೆಯದನ್ನು ಬಿಚ್ಚಿ ನೋಡಿದರೆ ಪಿಸ್ಟನ್ ತಾನು ಓಡಾಡುವ ಲೈನರಿಗೆ ಕಚ್ಚಿಕೊಂಡಿತ್ತು, ಕ್ರ್ಯಾಂಕ್ ಗೀರು ಬಿದ್ದಿತ್ತು, ಹೆಡ್ ಸೊಟ್ಟಗಾಗಿತ್ತು. ಲೇತ್‌ಗೆ ಕೊಟ್ಟು ಬೋರ್ ಮಾಡಿಸಿ ಹೊಸ ಸಾಮಾನು ಹಾಕಿಸಿದರೆ ಓಡುವ ಎಂಜಿನ್ನಿಗಿಂತ ಜಾಸ್ತಿ ಬೀಳುತ್ತಿತ್ತು. ಹಾಗಾಗಿ ಬೆಂಗಳೂರಿನ ಗುಜರಿ ಅಂಗಡಿಗಳಿಗೆ ಹೋದೆವು. ನನ್ನದು 2523 ಸಿಸಿ, 4 ಸಿಲಿಂಡರ್, ಹಳೆ ಕಾಲದ ಮೆಕ್ಯಾನಿಕಲ್ ಪಂಪ್ ಇರುವ ಡಿಐ (ಡೀಸೆಲ್ ನೇರ ಸಿಲಿಂಡರಿಗೆ ಸಿಂಪಡಿಸುವ) ಎಂಜಿನ್. ಇದು ನನ್ನ ಅದೃಷ್ಟ. ಕಾಮನ್ ರೈಲ್, ಅಂದರೆ ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಬಿಡುವ ಎಂಜಿನ್ ಆಗಿದ್ದರೆ ಇಸಿಎಂ (ಆ ಕಂಪ್ಯೂಟರ್), ವೈರಿಂಗ್, ಸೆನ್ಸರ್ ಎಲ್ಲ ಹೊಂದಬೇಕು. ಅಂಥ ಗಾಡಿಯಾಗಿದ್ದರೆ ನಾನು ಕೈ ಹಾಕುತ್ತಲೇ ಇರಲಿಲ್ಲ.

ಮೊದಲ ಅಂಗಡಿಯಲ್ಲಿ ಎಂಜಿನ್ ಚೆನ್ನಾಗಿತ್ತು, 48,000ಕ್ಕೆ ಕೊಡುತ್ತೇನೆ ಅಂದರು. ನಂಬರ್ ಇರುವ ಜಾಗ ಒರೆಸಿ ನೋಡಿದರೆ ಗ್ರೈಂಡರ್ ಹೊಡೆದು ನಂಬರ್ ಅಳಿಸಿದ್ದರು. ಅದು ಯಾರ ಮನೆ ಮುಂದಿನಿಂದ ಕದ್ದ ಗಾಡಿಯದ್ದೋ! ಮಾತಾಡದೆ ಎದ್ದು ಬಂದೆವು. ಇನ್ನೊಂದು ಕಡೆ ಆಕ್ಸಿಡೆಂಟ್ ಗಾಡಿಯಿಂದ ಬಿಚ್ಚಿದ ಎಂಜಿನ್ ಸಿಕ್ಕಿತು. ಹಳೆ ಗಾಡಿಯ ಆರ್‌ಸಿ ಜೆರಾಕ್ಸ್ ಕೊಟ್ಟರು. ಎಂಜಿನ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೂಡ ಕೊಟ್ಟರು. 62,000 ಆಯಿತು. 14,000 ಹೆಚ್ಚು ಕೊಟ್ಟಿದ್ದಕ್ಕೆ ನನಗೆ ಇವತ್ತಿಗೂ ಬೇಸರ ಇಲ್ಲ.

ಅಲ್ಲೇ ನೆಲದ ಮೇಲೆ ಸ್ಟಾರ್ಟ್ ಮಾಡಿಸಿದೆವು. ಮೆಕ್ಯಾನಿಕಲ್ ಪಂಪ್ ಆದ್ದರಿಂದ ಒಂದು ಬ್ಯಾಟರಿ, ಒಂದು ಬಾಟಲಿ ಡೀಸೆಲ್ ಸಾಕು. ನೀರಿಲ್ಲದೆ ಓಡಿಸುವುದಾದ್ದರಿಂದ ಒಂದೇ ನಿಮಿಷ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದರ ಬಾಯಿ ಮೇಲೆ ಸುಮ್ನೆ ಇಟ್ಟರು. ಕುಣಿದು ಹಾರಿ ಬಿದ್ದರೆ ಪಿಸ್ಟನ್ ರಿಂಗು ಸವೆದು ಗ್ಯಾಸ್ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ನಮ್ಮದು ಸಣ್ಣಗೆ ನಡುಗಿತು, ಅಷ್ಟೇ. ಮುಚ್ಚಳದ ಒಳಗೆ ಹಾಲಿನಂಥ ಜಿಡ್ಡು ಇರಲಿಲ್ಲ, ಅಂದರೆ ಆಯಿಲ್ಲಿಗೆ ನೀರು ಸೇರಿಲ್ಲ.

ಜೋಡಿಸುವ ಮೊದಲು ಹಳೆಯ ಎಂಜಿನ್ ಯಾಕೆ ಹೋಯಿತು ಅಂತ ತಿಳಿಯಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೆಳಗಿನ ಹೋಸ್ ಪೈಪ್ ಒಡೆದು ನೀರು ಖಾಲಿಯಾಗಿ ಬಿಸಿಯೇರಿತ್ತು. ರೇಡಿಯೇಟರ್ ಬಿಚ್ಚಿಸಿದರೆ ಅರ್ಧ ಕೊಳವೆಗಳಲ್ಲಿ ಉಪ್ಪು ಗಟ್ಟಿಯಾಗಿ ಕೂತಿತ್ತು. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರು, ನಮ್ಮ ಕಡೆ ನೀರು ಎಂಥ ಗಡಸು ಅಂತ ಗೊತ್ತಲ್ವಾ? ಅದೇ ರೇಡಿಯೇಟರಿಗೆ ಎಂಜಿನ್ ಕೂರಿಸಿದ್ದರೆ ಇದೂ ಬೇಸಿಗೆಯಲ್ಲಿ ಹೋಗುತ್ತಿತ್ತು. ರೇಡಿಯೇಟರ್ ಕ್ಲೀನ್ ಮಾಡಿಸಿ, ವಾಟರ್ ಪಂಪ್, ಥರ್ಮೋಸ್ಟಾಟ್, ಎಲ್ಲ ಹೋಸ್ ಹೊಸದು ಹಾಕಿಸಿದೆ, 8,500. ಗೇರ್ ಬಾಕ್ಸ್ ಹೇಗೂ ಬಿಚ್ಚಿದ್ದಾಗಿತ್ತು, ಕ್ಲಚ್ ಸೆಟ್ ಕೂಡ ಬದಲಾಯಿಸಿದೆ, 7,500. ಆಮೇಲೆ ಅದೊಂದಕ್ಕೇ ಮತ್ತೆ ಬಿಚ್ಚಿದರೆ ಕೂಲಿ ದಂಡ. ಚೈನ್ ಬ್ಲಾಕ್ (ಭಾರ ಎತ್ತುವ ಸರಪಳಿ ರಾಟೆ) ಹಾಕಿ ಎಂಜಿನ್ ಇಳಿಸಿ ಕೂರಿಸಲು ಎರಡು ದಿನ, ಕೂಲಿ 12,000. ಆಯಿಲ್, ಫಿಲ್ಟರ್, ಎಂಜಿನ್ ಕೂರುವ ಫೌಂಡೇಶನ್ ರಬ್ಬರ್ 5,000. ಬ್ಯಾಟರಿ 6,000.

ಎಂಜಿನ್ ಬದಲಾಯಿಸಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದು. ಆರ್‌ಸಿಯಲ್ಲಿ ಹಳೆ ನಂಬರ್ ಇಟ್ಟುಕೊಂಡು ಓಡಿಸಿದರೆ ಎಫ್‌ಸಿಯಲ್ಲಿ ಸಿಕ್ಕಿಬೀಳುತ್ತೀರಿ. ಆಕ್ಸಿಡೆಂಟ್ ಆದರೆ ಇನ್ಶೂರೆನ್ಸಿಗೂ ತಕರಾರು. ಬಿಲ್ ಮತ್ತು ಆರ್‌ಸಿ ಜೆರಾಕ್ಸ್ ಇದ್ದಿದ್ದರಿಂದ ಇನ್‌ಸ್ಪೆಕ್ಟರ್ ನಂಬರ್ ನೋಡಿ ಒಪ್ಪಿದರು. ಎಫ್‌ಸಿ, ಇನ್ಶೂರೆನ್ಸ್, ಹೆಸರು ಬದಲಾವಣೆ ಎಲ್ಲ ಸೇರಿ 31,000 ಆಯಿತು. ಇದನ್ನು ನಾನು ಮೊದಲು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಒಟ್ಟು 2,37,000. ಓಡುವ ಹಳೆ ಗಾಡಿಗೆ ಹೋಲಿಸಿದರೆ ಉಳಿದದ್ದು 50,000 ಆಸುಪಾಸು. ಅದಕ್ಕೆ ಐದು ವಾರ ಓಡಾಡಿದ್ದೇನೆ. ಬೆಳೆ ಕೊಯ್ಲಿಗೆ ಬಂದ ಹೊತ್ತಿನಲ್ಲಿ ಗಾಡಿ ಬೇಕಾದವರು ಈ ದಾರಿ ಹಿಡಿಯಬೇಡಿ, ಓಡುವುದನ್ನೇ ತಗೊಳ್ಳಿ. ನಾನು ಬೆಳೆ ಇಲ್ಲದ ತಿಂಗಳಲ್ಲಿ ಮಾಡಿದ್ದರಿಂದ ಆಯಿತು.

ಮೊದಲ ಲೋಡಿಗೆ 15 ಕೆಜಿಯ 40 ಬಾಕ್ಸ್ ಮಾತ್ರ ಹಾಕಿದೆ. ಬೆಳಗಿನ ಜಾವ ಕೋಲಾರದವರೆಗೂ ಕಣ್ಣು ರಸ್ತೆಗಿಂತ ಟೆಂಪರೇಚರ್ ಮುಳ್ಳಿನ ಮೇಲೇ ಜಾಸ್ತಿ ಇತ್ತು. ಅರ್ಧ ದಾಟಲಿಲ್ಲ. 500 ಕಿಲೋಮೀಟರ್ ಆದ ಮೇಲೆ ಮತ್ತೆ ಆಯಿಲ್ ಬದಲಾಯಿಸಿದೆ. ಈಗ 80 ಬಾಕ್ಸ್ ಹೊರುತ್ತಿದೆ. ರೇಡಿಯೇಟರಿಗೆ ಕೂಲೆಂಟ್ ಬಿಟ್ಟು ಬೇರೆ ನೀರು ಮುಟ್ಟಿಸಿಲ್ಲ. ಮೂರನೇ ಗೇರಿನ ಸದ್ದು ಹಾಗೇ ಇದೆ. ಈ ಬೆಳೆ ಮುಗಿದ ಮೇಲೆ ಬಿಚ್ಚಿಸಬೇಕು.