ಶಿರಸಿ ಪೇಟೆಯ ಬೀಟ್: ಒಬ್ಬ ಹೆಡ್ ಕಾನ್‌ಸ್ಟೆಬಲ್‌ನ ಅನುಭವ

ಠಾಣೆಗೆ ಬಂದವರೆಲ್ಲ ಮೊದಲು ಕೇಳುವುದು "ಸಾಹೇಬ್ರು ಇದ್ದಾರಾ?" ಅಂತ. ಆದರೆ ಠಾಣೆ ನಡೆಯುವುದು ಸಾಹೇಬರ ಕೋಣೆಯಿಂದಲ್ಲ, ಬಾಗಿಲ ಹತ್ತಿರದ ಮೇಜಿನಿಂದ. ನಾನು ಆ ಮೇಜಿನಲ್ಲೂ ಕೂತಿದ್ದೇನೆ, ಬೀದಿಯಲ್ಲೂ ತಿರುಗಿದ್ದೇನೆ. ನನ್ನ ಮಟ್ಟಿಗೆ ಸಣ್ಣ ಊರಿನ ಪೊಲೀಸ್ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಪರಿಚಯದ ಕೆಲಸ. ಕಳ್ಳರನ್ನು ಹಿಡಿಯುವುದು ಆಮೇಲಿನ ಮಾತು.

ಶಿರಸಿ ದೊಡ್ಡ ಊರೇನಲ್ಲ. 2011ರ ಜನಗಣತಿಯಲ್ಲಿ 60 ಸಾವಿರ ದಾಟಿತ್ತು, ಅಷ್ಟೆ. ಆದರೂ ನಗರ, ಹೊಸ ಮಾರುಕಟ್ಟೆ, ಗ್ರಾಮೀಣ ಅಂತ ಮೂರು ಠಾಣೆ ಇವೆ. ಬನವಾಸಿಗೆ ಬೇರೆ ಠಾಣೆ. ಡಿವೈಎಸ್‌ಪಿ ಕಚೇರಿ ಊರಲ್ಲೇ ಇದೆ. ಎಸ್‌ಪಿ ಸಾಹೇಬರು ಘಟ್ಟದ ಕೆಳಗೆ ಕಾರವಾರದಲ್ಲಿ, ಐಜಿ ಮಂಗಳೂರಿನಲ್ಲಿ. ಅಷ್ಟು ದೂರದಿಂದ ಬರುವ ಆದೇಶ ಕೊನೆಗೆ ಬಂದು ನಿಲ್ಲುವುದು ಒಬ್ಬ ಕಾನ್‌ಸ್ಟೆಬಲ್ ಹತ್ತಿರ.

ಬೆಳಿಗ್ಗೆ ರೋಲ್ ಕಾಲ್‌ನಲ್ಲಿ ಡ್ಯೂಟಿ ಹಂಚುತ್ತಾರೆ. ಒಬ್ಬರು ಸೆಂಟ್ರಿ, ಒಬ್ಬರು ಕೋರ್ಟು, ಒಬ್ಬರು ಸಮನ್ಸ್ ವಾರಂಟ್ ಹಿಡಿದು ಹಳ್ಳಿ ಕಡೆ. ಕ್ರೈಂ ಸಿಬ್ಬಂದಿ ಮಫ್ತಿಯಲ್ಲಿ ಹೊರಗೆ ಹೋಗುತ್ತಾರೆ. 112ರ ಗಾಡಿಯಲ್ಲಿ ಪಾಳಿ ಬೇರೆ. ಯಾರಾದರೂ ರಜೆ ಹಾಕಿದರೆ, ಅದೇ ದಿನ ಮಂತ್ರಿಗಳೂ ಬಂದರೆ, ಠಾಣೆಯಲ್ಲಿ ಉಳಿಯುವುದು ರೈಟರ್ ಮತ್ತು ಅವರ ಕಂಪ್ಯೂಟರ್. ರೈಟರ್ ಅಂದರೆ ಗುಮಾಸ್ತ ಅಂದುಕೊಳ್ಳಬೇಡಿ. ಯಾವ ಕೇಸಿನ ಕಡತ ಎಲ್ಲಿದೆ, ಯಾವ ಸಾಕ್ಷಿ ಊರು ಬಿಟ್ಟಿದ್ದಾನೆ ಎಲ್ಲ ಅವರ ತಲೆಯಲ್ಲಿರುತ್ತದೆ. ಹೊಸದಾಗಿ ಬಂದ ಪಿಎಸ್‌ಐ ಮೊದಲ ವಾರ ಕಲಿಯುವುದೇ ಅವರಿಂದ.

2017ರಲ್ಲಿ ರಾಜ್ಯದಲ್ಲಿ ಬೀಟ್ ಪದ್ಧತಿ ಬದಲಾಯಿತು. ಅದಕ್ಕೂ ಮುಂಚೆ ಬೀಟ್ ಅಂದರೆ ರಾತ್ರಿ ಗಸ್ತು. ಗುಡಿ, ಬ್ಯಾಂಕು, ಬಂಗಾರದ ಅಂಗಡಿ ಹತ್ತಿರ ಇಟ್ಟ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕಿ ಬರುವುದು. ಹೊಸ ಪದ್ಧತಿಯಲ್ಲಿ ಪ್ರತಿ ಹೆಡ್ ಕಾನ್‌ಸ್ಟೆಬಲ್, ಕಾನ್‌ಸ್ಟೆಬಲ್‌ಗೂ ಒಂದೊಂದು ಏರಿಯಾ ಕೊಟ್ಟರು. ಅಲ್ಲಿನ ವಿಚಾರಕ್ಕೆಲ್ಲ ಅವರೇ ಜವಾಬ್ದಾರಿ. ನನಗೆ ಪೇಟೆಯ ಒಂದಷ್ಟು ಓಣಿ, ಅದರಾಚೆ ತೋಟದ ಮನೆಗಳು ಬಂದವು.

ನಾನು ಮೊದಲು ಮಾಡಿದ ಕೆಲಸ ಪಟ್ಟಿ ಬರೆದದ್ದು. ರೌಡಿಗಳದ್ದಲ್ಲ, ಅದು ಠಾಣೆಯಲ್ಲೇ ಇತ್ತು. ಬೆಳಿಗ್ಗೆ ಬೇಗ ಎದ್ದು ಓಡಾಡುವವರ ಪಟ್ಟಿ: ಹಾಲಿನವರು, ಪೇಪರ್ ಹಾಕುವ ಹುಡುಗರು, ಆಟೋ ಸ್ಟ್ಯಾಂಡಿನವರು, ಬಸ್ ಸ್ಟ್ಯಾಂಡ್ ಪಕ್ಕದ ಚಹಾ ಅಂಗಡಿಯವರು. ಹೊಸ ಮುಖ ಬಂದರೆ ಇವರಿಗೇ ಮೊದಲು ಗೊತ್ತಾಗುವುದು. ಎರಡನೇ ಪಟ್ಟಿ ಒಂಟಿ ಹಿರಿಯರದ್ದು. ನಮ್ಮ ಕಡೆ ಮಕ್ಕಳು ಬೆಂಗಳೂರಿಗೆ ಹೋಗಿ, ಅಪ್ಪ ಅಮ್ಮ ಮಾತ್ರ ಇರುವ ಮನೆಗಳು ತುಂಬಾ. ಅವರ ಫೋನಿನಲ್ಲಿ ನನ್ನ ನಂಬರ್ ನಾನೇ ಹಾಕಿ ಕೊಡುತ್ತಿದ್ದೆ. ಅಜ್ಜಿಯೊಬ್ಬರು ಗ್ಯಾಸ್ ಸಿಲಿಂಡರ್ ಬಂದಿಲ್ಲ ಅಂತಲೂ ಫೋನ್ ಮಾಡುತ್ತಿದ್ದರು. ಸಹೋದ್ಯೋಗಿಗಳು ನಗುತ್ತಿದ್ದರು. ಆದರೆ "ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ಓಟಿಪಿ ಹೇಳಿ" ಅಂತ ಯಾರೋ ಕೇಳಿದಾಗ, ಓಟಿಪಿ ಹೇಳುವ ಮೊದಲು ಅದೇ ಅಜ್ಜಿ ನನಗೆ ಫೋನ್ ಮಾಡಿದರು. ಹಣ ಉಳಿಯಿತು. ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಹೇಳಬೇಕಿತ್ತು. ಅಲ್ಲಿ ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ನಮ್ಮೂರಿನ ನಿಜವಾದ ತಲೆನೋವು ಅಡಿಕೆ. ಕೊಯ್ಲಿನ ಕಾಲಕ್ಕೆ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಒಂದೆರಡು ಚೀಲ ಹೋದರೂ ಸಣ್ಣ ರೈತನಿಗೆ ದೊಡ್ಡ ನಷ್ಟ. ಅಡಿಕೆಗೆ ಗುರುತು ಅಂತ ಇರುವುದಿಲ್ಲ, ನೋಡಿ. ಸರಕು ಸಿಕ್ಕಿದರೂ ಇದು ಇವರದ್ದೇ ಅಂತ ಸಾಬೀತು ಮಾಡುವುದು ಕಷ್ಟ. ಹಾಗಾಗಿ ಕದ್ದಾದ ಮೇಲೆ ಹುಡುಕುವುದಕ್ಕಿಂತ, ಮಾರುವ ಜಾಗದ ಮೇಲೆ ಕಣ್ಣಿಡುವುದು ಸಲೀಸು. ಚಿಲ್ಲರೆಯಾಗಿ ಕೊಳ್ಳುವ ಅಂಗಡಿಯವರ ಜೊತೆ ಕೂತು ಮಾತಾಡಿದೆ. ತೋಟವಿಲ್ಲದ ಹುಡುಗ ಚೀಲ ತಂದರೆ ಹೆಸರು, ಊರು ಕೇಳಿ, ನನಗೊಂದು ಮಾತು ಹೇಳಿ ಅಂದೆ. ಕೆಲವರು ವ್ಯಾಪಾರ ಹೋಗುತ್ತದೆ ಅಂತ ಮುಖ ಸಿಂಡರಿಸಿದರು. ಕದ್ದ ಮಾಲು ಗೊತ್ತಿದ್ದೂ ಕೊಂಡರೆ ಅದೂ ಅಪರಾಧ ಅಂತ ನೆನಪಿಸಿದ ಮೇಲೆ ಮಾತು ಕೇಳಿದರು. ನನಗೆ ಬಂದ ಒಳ್ಳೆಯ ಸುಳಿವುಗಳೆಲ್ಲ ಆ ಕಡೆಯಿಂದಲೇ.

ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ. ಆ ಒಂಬತ್ತು ದಿನ ಶಿರಸಿ ಸಣ್ಣ ಊರಾಗಿ ಉಳಿಯುವುದಿಲ್ಲ. ದೇವಿ ಬಿಡಕಿಬೈಲಿನ ಗದ್ದುಗೆಯಲ್ಲಿ ಕೂತರೆ ಸುತ್ತಲಿನ ರಸ್ತೆಯೆಲ್ಲ ಜನ. ಬೇರೆ ಕಡೆಯಿಂದ ಸಿಬ್ಬಂದಿ ಬರುತ್ತಾರೆ, ಮೀಸಲು ಪಡೆ ಬರುತ್ತದೆ, ಗೃಹರಕ್ಷಕರು ಬರುತ್ತಾರೆ. ಬಂದವರಿಗೆ ಊರಿನ ಓಣಿ ಗೊತ್ತಿರುವುದಿಲ್ಲ. ಅದಕ್ಕೆ ಪಾಯಿಂಟ್‌ಗೆ ಹಾಕುವಾಗ ಹೊರಗಿನವರ ಜೊತೆ ಒಬ್ಬ ಊರಿನವನನ್ನು ಜೋಡಿ ಮಾಡಿ ಅಂತ ನಾನು ಕೇಳಿಕೊಳ್ಳುತ್ತಿದ್ದೆ. ಆದರೆ ಜೇಬುಗಳ್ಳರ ವಿಷಯ ಉಲ್ಟಾ. ಅವರೂ ಹೊರಗಿನಿಂದಲೇ ಬರುತ್ತಾರೆ. ಬೇರೆ ಜಿಲ್ಲೆಯ ಕ್ರೈಂ ಸಿಬ್ಬಂದಿಗೆ ಅವರ ಮುಖ ಪರಿಚಯ ಇರುತ್ತದೆ, ನಮಗಿರುವುದಿಲ್ಲ.

ಜಾತ್ರೆಯಲ್ಲಿ ಜಾಸ್ತಿ ಹೊತ್ತು ತಿನ್ನುವುದು ಕಳವಲ್ಲ, ತಪ್ಪಿಸಿಕೊಂಡ ಮಕ್ಕಳು. ಸಣ್ಣ ಮಗುವಿಗೆ ಅಪ್ಪನ ಹೆಸರು "ಅಪ್ಪ" ಅಂತಲೇ ಗೊತ್ತು! ಮೈಕಿನಲ್ಲಿ ಏನು ಕೂಗುವುದು? ಮಗುವಿನ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡಿ ಅಂತ ಬಸ್ಸಿಂದ ಇಳಿಯುವವರಿಗೇ ಹೇಳಲು ಶುರು ಮಾಡಿದೆ. ತೊಟ್ಟಿಲು ತಿರುಗುವ ಜಾಗದಲ್ಲಿ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಮೇಜಿನ ಕೆಲಸಕ್ಕೆ ಬರುತ್ತೇನೆ. ದೂರು ಕೊಡಲು ಬಂದವರಿಗೆ ನಾನು ಮೊದಲು ಹೇಳುತ್ತಿದ್ದುದು "ಕೂತ್ಕೊಳ್ಳಿ" ಅಂತ. ಆಮೇಲೆ, ಪೂರ್ತಿ ಹೇಳಿ ಮುಗಿಸುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ. ಮೊದಲೇ ಬರೆಯಲು ಶುರು ಮಾಡಿದರೆ ಜನ ನಮ್ಮ ಪೆನ್ನಿನ ವೇಗಕ್ಕೆ ಕಥೆ ಹೇಳುತ್ತಾರೆ, ಮುಖ್ಯ ವಿಷಯ ಬಿಟ್ಟುಹೋಗುತ್ತದೆ. ಜಾಗದ ಗಡಿ, ಸಾಲದ ಜಗಳ ಇಂಥವು ಸಿವಿಲ್ ವಿಷಯ. ಠಾಣೆಯಲ್ಲಿ ಪಂಚಾಯಿತಿ ಮಾಡಿಸಿ ಅಂತ ಒತ್ತಡ ಬರುತ್ತದೆ. ಕೋರ್ಟಿಗೆ ಹೋಗಿ ಅಂತ ನೇರವಾಗಿ ಹೇಳಿಬಿಡುವುದು ವಾಸಿ.

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಅಪರಾಧ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಲೇಬೇಕು ಅಂತ ಈಗ ಕಾಯ್ದೆಯಲ್ಲೇ ಇದೆ. ಆನ್‌ಲೈನಿನಲ್ಲಿ ಕಳಿಸಿದರೆ 3 ದಿನದೊಳಗೆ ಬಂದು ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಅದು ಮುಂಚಿನಿಂದಲೂ ಹಾಗೇ. ಕೇಳಿ ತಗೊಳ್ಳಿ, ಸಂಕೋಚ ಬೇಡ. ಮಹಿಳೆಯರನ್ನೂ 60 ದಾಟಿದವರನ್ನೂ ಸಾಕ್ಷಿ ಹೇಳಿಕೆಗೆ ಅಂತ ಠಾಣೆಗೆ ಬರಲೇಬೇಕು ಎನ್ನುವ ಹಾಗಿಲ್ಲ, ನಾವೇ ಮನೆಗೆ ಹೋಗಬೇಕು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಈಗ ನಾನು ನಿವೃತ್ತ. ನಾವು ಮಳೆಗಾಲದಲ್ಲಿ ನೆನೆಸಿಕೊಂಡು ಹೊತ್ತು ತಿರುಗಿದ ಆ ಸ್ಲೋಚ್ ಹ್ಯಾಟೂ 2025ರಲ್ಲಿ ಹೋಗಿ ಕಾನ್‌ಸ್ಟೆಬಲ್‌ಗಳಿಗೂ ಪೀಕ್ ಕ್ಯಾಪ್ ಬಂತು. ಅದೇ ವರ್ಷ ಸರ್ಕಾರ, ಬೀಟಿನವರೇ ಮನೆಮನೆಗೆ ಹೋಗಿ ಜನರನ್ನು ಮಾತಾಡಿಸುವ "ಮನೆ ಮನೆಗೆ ಪೊಲೀಸ್" ಶುರು ಮಾಡಿತು. ಹಳೇ ಬೀಟಿನ ಹುಡುಗರು ಫೋನ್ ಮಾಡಿ ಹೇಗೆ ಮಾಡೋದು ಅಂತ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೆ: ಬೆಳಿಗ್ಗೆ ಅಡುಗೆ ಹೊತ್ತಿಗೆ ಹೋಗಬೇಡಿ, ಸಂಜೆ ಹೋಗಿ. ಗಾಡಿ ದೂರ ನಿಲ್ಲಿಸಿ, ಇಲ್ಲದಿದ್ದರೆ ಅಕ್ಕಪಕ್ಕದವರು ಏನೋ ಆಯಿತು ಅಂದುಕೊಳ್ಳುತ್ತಾರೆ. ಫಾರ್ಮ್ ಕೊನೆಗೆ ತೆಗೆಯಿರಿ. ಮತ್ತೆ, ಹೊರಡುವ ಮೊದಲು ಆ ಮನೆಯವರ ಫೋನಿಂದಲೇ ನಿಮಗೊಂದು ಮಿಸ್ಡ್ ಕಾಲ್ ಕೊಡಿಸಿ, ಇಬ್ಬರ ನಂಬರೂ ಸರಿಯಾಗಿ ಸೇವ್ ಆಗಿದೆಯಾ ನೋಡಿಕೊಳ್ಳಿ.