ಬಲಗಾಲಿಗೆ ಬದಲು ಹಲಸಿನ ಆಸರೆ

ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ತುದಿಯ ಸುರುಳಿ ಬಲಪಾದದ ಮೇಲೆ ನಿಲ್ಲುತ್ತದೆ. ಎಡಗೈ ವಾದ್ಯವನ್ನು ಹೊರಬೇಕಾಗಿಲ್ಲದ್ದರಿಂದಲೇ ಬೆರಳುಗಳು ಒಂದೇ ತಂತಿಯ ಮೇಲೆ ಉದ್ದಕ್ಕೆ ಜಾರಿ, ತೋಡಿ ರಾಗದ ಗಾಂಧಾರ ಸ್ವರವನ್ನು ಬೇಕಾದಂತೆ ತೂಗಬಲ್ಲವು. ಪೋಲಿಯೊದಿಂದ ಸೊರಗಿದ್ದು ನನ್ನ ಬಲಗಾಲೇ. ಕಾಲಿಗೆ ಆಧಾರವಾಗಿ ಕಟ್ಟುವ ಕಂಬಿಗಳ ಕ್ಯಾಲಿಪರ್ ಬಿಚ್ಚಿ ಕುಳಿತರೆ ಪಾದ ಜೋತುಬೀಳುತ್ತದೆ. ವಿಳಂಬದ ಕೃತಿಗಳಲ್ಲಿ ಹೇಗೋ ನಿಂತಿರುತ್ತಿದ್ದ ವಾದ್ಯ, ಸ್ವರಗಳನ್ನು ಹೆಣೆಯುತ್ತ ಹೋಗುವ ಸ್ವರಪ್ರಸ್ತಾರ ಇಮ್ಮಡಿ ವೇಗದ ಎರಡನೆಯ ಕಾಲಕ್ಕೆ ಏರಿದೊಡನೆ ಸರಿದುಬಿಡುತ್ತಿತ್ತು.

ತೀರ್ಥಹಳ್ಳಿಯ ನಮ್ಮ ಮನೆಯ ಬಾಗಿಲು, ಕಿಟಕಿಗಳನ್ನು ಮಾಡಿದ ಬಡಗಿಯವರಿಂದಲೇ ಹಲಸಿನ ಮರದ ಗಿಡ್ಡ ಆಸರೆಯೊಂದನ್ನು ಮಾಡಿಸಿದೆ. ಸುರುಳಿ ಕೂರುವಷ್ಟು ತೋಡು, ಮರಕ್ಕೆ ಮರ ತಾಗಿ ಸದ್ದಾಗದಂತೆ ಅದರೊಳಗೆ ದಪ್ಪ ಉಣ್ಣೆಬಟ್ಟೆ, ಜಮಖಾನದ ಮೇಲೆ ಜಾರದಂತೆ ಅಡಿಗೆ ರಬ್ಬರು. ಎತ್ತರ ಹೊಂದಿಸುವುದಕ್ಕೇ ಹೆಚ್ಚು ಕಾಲ ಹಿಡಿಯಿತು. ತುಸು ಹೆಚ್ಚಾದರೆ ಕಮಾನು ಹಿಡಿದ ಭುಜ ಸೋಲುತ್ತದೆ, ತಗ್ಗಾದರೆ ಎಡ ಮಣಿಕಟ್ಟು ಮಡಚಿಕೊಳ್ಳುತ್ತದೆ. ಇದು ಸಂಪ್ರದಾಯಕ್ಕೆ ಒಪ್ಪುವುದೇ ಎಂದು ಕೇಳಿದವರಿದ್ದಾರೆ. ನಾದ ದೂರಕ್ಕೂ ಮುಟ್ಟಲೆಂದು ಪಿಟೀಲಿಗೆ ಏಳು ತಂತಿ ಹೂಡಿದ ಟಿ. ಚೌಡಯ್ಯನವರ ನಾಡಿನಲ್ಲಿ ಈ ಪ್ರಶ್ನೆಗೆ ನಾನು ಹೊಸದಾಗಿ ಉತ್ತರ ಹುಡುಕಬೇಕಾಗಿಲ್ಲ. ಕುರ್ಚಿಯ ಮೇಲೆ ಕುಳಿತು ನುಡಿಸುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಗಾಯಕರು ನೆಲದ ಮೇಲಿದ್ದು ಪಕ್ಕವಾದ್ಯದವರು ಎತ್ತರದಲ್ಲಿದ್ದರೆ, ಕಣ್ಣಿನಲ್ಲೇ ನಡೆಯಬೇಕಾದ ಮಾತುಕತೆ ತಪ್ಪಿಹೋಗುತ್ತದೆ.

ವೇದಿಕೆಯನ್ನು ಏರುವುದು ಬೇರೆಯೇ ಕೆಲಸ. ಕ್ಯಾಲಿಪರಿನ ಕಂಬಿಗಳು ಬೂಟಿನ ಹಿಮ್ಮಡಿಗೆ ಸೇರಿರುವುದರಿಂದ, ಪಾದರಕ್ಷೆ ಬಿಡಿ ಎಂದರೆ ನಿಲ್ಲುವ ಆಧಾರವನ್ನೇ ಬಿಡಬೇಕಾಗುತ್ತದೆ. ಅದಕ್ಕಾಗಿ ಹೊರಗೆ ಎಂದೂ ಮೆಟ್ಟದ ಇನ್ನೊಂದು ಜೊತೆ ಬೂಟನ್ನು ಇಟ್ಟುಕೊಂಡಿದ್ದೇನೆ. ಕಂಬಿಗಳನ್ನು ಅದಕ್ಕೆ ಬದಲಾಯಿಸಬಹುದು. ಕೆಲವು ದೇವಸ್ಥಾನಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಹೀಗಾಗಿ ಮೆಟ್ಟಿಲುಗಳೆಷ್ಟು, ಹಿಡಿಕೆ ಇದೆಯೇ, ಸಭಿಕರು ಬರುವ ಮೊದಲೇ ನಾನು ಕುಳಿತುಕೊಳ್ಳಬಹುದೇ ಎಂಬುದನ್ನೆಲ್ಲ ಸಂಘಟಕರ ಮೊದಲ ಫೋನಿನಲ್ಲೇ ವಿಚಾರಿಸುತ್ತೇನೆ. ಮಳೆಗಾಲದಲ್ಲಿ ಬೇಗ ಬರುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಮಲೆನಾಡಿನ ತೇವಕ್ಕೆ ತಂತಿ ಬಿಗಿಯುವ ಬಿರಡೆ ಉಬ್ಬಿ ಬಿಗಿಯುವುದು ಇಲ್ಲಿ ಪಿಟೀಲು ಹಿಡಿದವರಿಗೆಲ್ಲ ಗೊತ್ತು.

ಭದ್ರಾವತಿ ಆಕಾಶವಾಣಿಯಲ್ಲಿ, ವಾದನವನ್ನು ಪರೀಕ್ಷಿಸಿ ಕಲಾವಿದರಿಗೆ ಕೊಡುವ ಶ್ರೇಣಿ ದೊರೆತ ಮೇಲೆ ಕರೆಗಳು ಹೆಚ್ಚಿದವು. ಕೇಳುವವರಿಗೆ ನಾದವಷ್ಟೇ ತಲುಪುವ ಆ ಮಾಧ್ಯಮದ ಶ್ರೇಣಿಯನ್ನು ಹೇಳಿದರೆ, ಇವರಿಂದ ಆದೀತೇ ಎಂಬ ಅನುಮಾನಕ್ಕೆ ಎಡೆ ಉಳಿಯುವುದಿಲ್ಲ.

ಊರುಗೋಲು ಹಿಡಿದ ಕೈಯಲ್ಲಿ ವಾದ್ಯದ ಪೆಟ್ಟಿಗೆ ಹಿಡಿಯಲಾಗದು. ಜೊತೆಗಾರರು ಬೇಕೇ ಬೇಕು. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ನಮ್ಮಂಥವರಿಗೂ ಜೊತೆಗಾರರಿಗೂ ಸ್ಲೀಪರ್ ದರದಲ್ಲಿ ಶೇ. 75 ರಿಯಾಯಿತಿ ಇದೆ. ಶೃಂಗೇರಿಗೋ ಸಾಗರದ ಒಳಹಳ್ಳಿಗಳಿಗೋ ಹೋಗಲು ಕಾರೇ ಗತಿ. ಆ ಖರ್ಚನ್ನು ಸಂಭಾವನೆಯೊಂದಿಗೇ ಹೇಳುತ್ತೇನೆ, ಆಗದು ಎಂದವರ ಕಚೇರಿಯನ್ನು ಒಪ್ಪುವುದಿಲ್ಲ. ಊರಿನ ರಾಮನವಮಿಗೆ ಮಾತ್ರ ಈ ಲೆಕ್ಕವಿಲ್ಲ. ಅಂದು ಪೆಟ್ಟಿಗೆ ಹೊರಲು ಶಿಷ್ಯರೇ ಪೈಪೋಟಿಗೆ ಬೀಳುತ್ತಾರೆ.