ಎಚ್ಚರಿಕೆಯ ಮಿತಿ: ಹಾನಿಯಿಂದ ಹಿಂದಕ್ಕೆ ಎಣಿಸಿದ ಲೆಕ್ಕ

ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ಸುರಿದರೆ ‘ಭಾರಿ’, 115.6ರಿಂದ ‘ಅತಿ ಭಾರಿ’, 204.5ರಿಂದ ಮೇಲೆ ‘ಅತ್ಯಂತ ಭಾರಿ’. ಇಡೀ ದೇಶಕ್ಕೆ ಇಂಥ ಒಂದು ಅಳತೆ ಬೇಕೇ ಬೇಕು. ಆದರೆ ಒಂದೇ ಕಣಿವೆಗೆ, ಎಷ್ಟು ಮಳೆಯಾದರೆ ಜನರನ್ನು ಎಚ್ಚರಿಸಬೇಕು ಎಂಬ ಮಿತಿ ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಮೊದಲು ಬಿಚ್ಚಿದ್ದು ಮಳೆಯ ಕಡತವನ್ನಲ್ಲ, ಹಾನಿಯ ಕಡತವನ್ನು.

ರಸ್ತೆ ಮುಳುಗಿದ್ದು, ಮನೆಗೆ ನೀರು ನುಗ್ಗಿದ್ದು, ಗುಡ್ಡ ಜರಿದದ್ದು ಯಾವಾಗ ಎಂಬುದನ್ನು ಅಗ್ನಿಶಾಮಕ ಠಾಣೆಯ ಕರೆಪುಸ್ತಕ, ಪರಿಹಾರದ ಅರ್ಜಿಗಳು, ಹಳೆಯ ಪತ್ರಿಕೆಗಳಿಂದ ಹೆಕ್ಕಿದೆ. ದಿನಾಂಕದ ಜೊತೆ ಗಂಟೆಯೂ ಸಿಕ್ಕಿದರೆ ಅದಕ್ಕೆ ಬೆಲೆ ಕಟ್ಟಲಾಗದು. ಜೋರು ಮಳೆ ಬಂದೂ ಏನೂ ಆಗದ ದಿನಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಂಡೆ. ಅವಿಲ್ಲದಿದ್ದರೆ ಮಿತಿ ತಾನಾಗಿಯೇ ಕೆಳಕ್ಕೆ ಜಾರುತ್ತದೆ.

ದಿನದ ಒಟ್ಟು ಮೊತ್ತವನ್ನು ನಾನು ಹೆಚ್ಚು ನಂಬುವುದಿಲ್ಲ. ನಮ್ಮಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಐದು ಗಂಟೆಗೆ ಹಿಡಿದ ಮಳೆ ಮಧ್ಯಾಹ್ನ ಹನ್ನೆರಡರೊಳಗೆ 110 ಮಿಲಿಮೀಟರ್ ಸುರಿದರೂ ಎರಡು ದಿನಕ್ಕೆ ಹಂಚಿಹೋಗಿ ಎರಡೂ ದಿನ ‘ಭಾರಿ’ಯನ್ನು ಮುಟ್ಟದಿರಬಹುದು. ಆದ್ದರಿಂದ ಗಡಿಯಾರವನ್ನು ಬಿಟ್ಟು, ಯಾವುದೇ ಕ್ಷಣದಿಂದ ಹಿಂದಿನ 1, 3, 6, 24 ಗಂಟೆಗಳ ಮೊತ್ತ ತೆಗೆದೆ. ಚರಂಡಿ ಉಕ್ಕುವುದು ಒಂದು ಗಂಟೆಯ ಬಿರುಸಿಗೆ. ಹಳ್ಳ ಏರಲು ಮೂರೋ ಆರೋ ಗಂಟೆ ಬೇಕು. ಗುಡ್ಡದ ಲೆಕ್ಕ ದಿನಗಳದ್ದು.

ಗುಡ್ಡಕ್ಕೆ ಮೊದಲೇ ಎಷ್ಟು ನೀರು ಇಳಿದಿದೆ ಎಂಬುದೂ ಬೇಕು. ಅದಕ್ಕೆ ಮಣ್ಣಿನ ತೇವವನ್ನು ಅಂದಾಜಿಸುವ ಒಂದು ಸೂಚ್ಯಂಕ ಬಳಸಿದೆ: ನಿನ್ನೆಯ ಸೂಚ್ಯಂಕವನ್ನು 0.9ರಿಂದ ಗುಣಿಸಿ ಇಂದಿನ ಮಳೆ ಕೂಡಿಸುವ ಸರಳ ಲೆಕ್ಕ. ನೀರು ಬೇಗ ಬಸಿಯುವ ಮಣ್ಣಿಗೆ ಗುಣಕ ಇನ್ನೂ ಕಡಿಮೆ. ಒಣ ಮಣ್ಣಿಗೂ ನೆನೆದ ಮಣ್ಣಿಗೂ ಬೇರೆ ಬೇರೆ ಮಿತಿ ಬಂದವು. ಹೋಲಿಕೆಗೆ ಕೇನ್ ಎಂಬ ಸಂಶೋಧಕ 1980ರಲ್ಲಿ ಜಗತ್ತಿನ ಭೂಕುಸಿತಗಳಿಂದ ತೆಗೆದ ಸೂತ್ರವಿತ್ತು. ಅದರ ಪ್ರಕಾರ 24 ಗಂಟೆಗೆ ಕನಿಷ್ಠ ಮಿತಿ ಸುಮಾರು 103 ಮಿಲಿಮೀಟರ್. ಅದನ್ನು ತಾಳೆ ನೋಡಲು ಬಳಸಿದೆನೇ ಹೊರತು ಅದನ್ನೇ ಮಿತಿಯಾಗಿ ಎತ್ತಿ ಇಡಲಿಲ್ಲ.

ಉಪಕರಣದ ಬಗ್ಗೆ ಒಂದು ಮಾತು: ಬಟ್ಟಲು ಮಗುಚುವ ಮಾದರಿಯ ಮಳೆಮಾಪಕ ಬಿರುಮಳೆಯಲ್ಲಿ ಕಡಿಮೆ ತೋರಿಸುತ್ತದೆ, ಬಟ್ಟಲು ಮಗುಚುವ ಕ್ಷಣದ ನೀರು ಎಣಿಕೆಗೆ ಸಿಗದ ಕಾರಣ. ತಿದ್ದುಪಡಿಯಿಲ್ಲದೆ ಮಿತಿ ಹಾಕುವುದು ವ್ಯರ್ಥ.

ಪ್ರತಿ ಮಿತಿಗೂ ಸರಿಯಾಗಿ ಹಿಡಿದದ್ದು, ತಪ್ಪಿಸಿಕೊಂಡದ್ದು, ಸುಮ್ಮನೆ ಕೂಗಿದ್ದು ಎಷ್ಟೆಷ್ಟು ಎಂದು ಎಣಿಸಿದೆ. ಕೊನೆಯ ಎರಡರಲ್ಲಿ ಯಾವುದನ್ನು ಎಷ್ಟು ಸಹಿಸಬೇಕೆಂಬುದು ಗಣಿತದ ಪ್ರಶ್ನೆಯಲ್ಲ, ಅದನ್ನು ಅಲ್ಲಿ ವಾಸಿಸುವವರೊಂದಿಗೆ ಕೂತೇ ತೀರ್ಮಾನಿಸಬೇಕು. ಹಳದಿ ಎಚ್ಚರಿಕೆಗೆ ಧಾರಾಳ, ಕೆಂಪು ಎಚ್ಚರಿಕೆಗೆ ಬಿಗಿ ಎಂದು ಒಪ್ಪಿದೆವು. ಅವರನ್ನು ಕೇಳಿದ್ದರಿಂದಲೇ ಇನ್ನೊಂದು ವಿಷಯ ತಿಳಿಯಿತು: ವೃದ್ಧರನ್ನೂ ದನಕರುಗಳನ್ನೂ ಸಾಗಿಸಲು ಎರಡು ಗಂಟೆ ಬೇಕು. ಹಾಗಾಗಿ ಮಿತಿಯಾಗಿ ಇಟ್ಟದ್ದು ನೀರು ನುಗ್ಗುವ ಹೊತ್ತಿನ ಮೊತ್ತವನ್ನಲ್ಲ, ಅದಕ್ಕೆ ಎರಡು ಗಂಟೆ ಮೊದಲಿನದನ್ನು. ಇದರಿಂದ ಸುಳ್ಳು ಎಚ್ಚರಿಕೆಗಳು ಹೆಚ್ಚಿದವು, ಒಪ್ಪಿಕೊಂಡೇ ಮುಂದುವರಿದೆವು.

ಪ್ರತಿ ಸಂಖ್ಯೆಯ ಪಕ್ಕದಲ್ಲಿ ದಿನಾಂಕ ಬರೆದಿಟ್ಟಿದ್ದೇನೆ. ರಸ್ತೆಗಾಗಿ ಗುಡ್ಡ ಕಡಿದರೆ, ಮೋರಿ ಅಗಲಿಸಿದರೆ, ಹಳ್ಳದ ದಂಡೆ ಒತ್ತುವರಿಯಾದರೆ ಆ ಸಂಖ್ಯೆಯನ್ನು ಮತ್ತೆ ಲೆಕ್ಕ ಹಾಕಬೇಕು.